ಗೌಡರ ಕಾರಿನ ಟಾಪ್ ಬಟ್ಟೆ

ಕುಶನ್ ಕೆಲಸ ಕಲಿಯಬೇಕೆಂದು ಬರುವವರೆಲ್ಲ ಮೊದಲು ಕೇಳುವುದು ಹೊಲಿಗೆ ಯಂತ್ರದ ಬಗ್ಗೆ. ಯಾವ ಯಂತ್ರ ಒಳ್ಳೆಯದು, ಎಷ್ಟು ನಂಬರಿನ ಸೂಜಿ, ಯಾವ ದಾರ. ನಾನು ಹೇಳುವುದು ಬೇರೆ. ಹೊಲಿಯುವುದನ್ನು ಆರು ತಿಂಗಳಲ್ಲಿ ಯಾರು ಬೇಕಾದರೂ ಕಲಿಯಬಹುದು. ಬಿಚ್ಚುವುದನ್ನು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ಅದೂ ಒಬ್ಬರ ಕಾರು ಕೆಡಿಸಿದ ಮೇಲೆ.

ಕೊಯಮತ್ತೂರಿನಲ್ಲಿ ನಾನು ಮೂವತ್ತೆಂಟು ವರ್ಷ ಕಾರು, ಬಸ್ಸು, ಲಾರಿಗಳ ಸೀಟು ಹೊಲಿದವನು. ನಮ್ಮದು ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಶಾಲೆ, ಬೀದಿ, ಕೆಲಸ ಎಲ್ಲ ತಮಿಳು. ಕನ್ನಡ ಅಕ್ಷರ ಕಲಿತದ್ದು ಕೆಲಸ ಬಿಟ್ಟ ಮೇಲೆ, ಮೈಸೂರು ಕಡೆಯಿಂದ ಬಂದ ಸೊಸೆಯ ಹತ್ತಿರ. ಇದನ್ನು ತಿದ್ದಿದವಳೂ ಅವಳೇ. ಹಾಗಾಗಿ ನನ್ನ ಬರಹ ನನ್ನ ಬಾಯಿಗಿಂತ ಬಹಳ ಶುದ್ಧವಾಗಿದೆ. ಎದುರಿಗೆ ಸಿಕ್ಕಿ ಮಾತಾಡಿದರೆ ನೀವು ನಗುತ್ತೀರಿ, ನಗಿ, ನನಗೇನೂ ಬೇಸರವಿಲ್ಲ.

ಅಪ್ಪನಿಗೆ ನಾನು ಮಗ್ಗ ಬಿಟ್ಟದ್ದು ಸ್ವಲ್ಪವೂ ಹಿಡಿಸಿರಲಿಲ್ಲ. ಮನೆಯ ನಡುವೆ ಗುಂಡಿಮಗ್ಗ, ಅದರಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ. ಬೀದಿಯಲ್ಲಿ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ ಅವರು ಲಾಳಿ ನಿಲ್ಲಿಸದೆಯೇ ಹೇಳುತ್ತಿದ್ದರು: "ಜನರ ಮೈಗೆ ಬಟ್ಟೆ ನೇಯೋ ಮನೇಲಿ ಹುಟ್ಟಿ, ಇವ್ನು ಜನರ ಕುಂಡಿಗೆ ಬಟ್ಟೆ ಹೊಲೀತಾವ್ನೆ." ಕೇಳಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಳಗೆ ಚುರುಕ್ ಎನ್ನುತ್ತಿತ್ತು.

ನಾನು ಸೇರಿದ ಶೆಡ್ಡಿನ ಯಜಮಾನರು ಪೊನ್ನುಸಾಮಿ ಮೇಸ್ತ್ರಿ. ಬಾಯಲ್ಲಿ ಸದಾ ನಾಲ್ಕು ಸಣ್ಣ ಮೊಳೆ ಕಚ್ಚಿಕೊಂಡೇ ಇರುತ್ತಿದ್ದರು. ಅವುಗಳ ಸಂದಿಯಿಂದಲೇ ಬೈಗುಳ ಬರುತ್ತಿತ್ತು, ಮೊಳೆ ಮಾತ್ರ ಒಂದೂ ಬೀಳುತ್ತಿರಲಿಲ್ಲ. ಆಗ ಸೀಟಿನೊಳಗೆ ಸ್ಪ್ರಿಂಗು, ಅದರ ಮೇಲೆ ಗೋಣಿ, ಗೋಣಿಯ ಮೇಲೆ ತೆಂಗಿನ ನಾರು. ನಾರನ್ನು ಕೈಯಿಂದ ಬಿಡಿಸಿ ಹರಡಬೇಕು, ಒಂದು ಗಂಟು ಉಳಿದರೂ ಕೂತವರಿಗೆ ಗೊತ್ತಾಗುತ್ತದೆ. ನಾವು ನಾರು ಹರಡಿದ ಮೇಲೆ ಮೇಸ್ತ್ರಿ ಪಂಚೆ ಮೇಲಕ್ಕೆತ್ತಿ ಕಟ್ಟಿ, ಆ ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ ಆಚೆ ಈಚೆ ಜರುಗುತ್ತಿದ್ದರು. ಅವರ ಪರೀಕ್ಷೆ ಅದೇ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಡಾಕ್ಟರ ಕಾರಿನ ಮುಂದಿನ ಸೀಟು ಹೊಲಿದು ಕೊಟ್ಟೆ. ವಾರ ಕಳೆದು ಡಾಕ್ಟರು ಸೊಂಟ ಹಿಡಿದುಕೊಂಡು ಬಂದರು. ಏನೋ ಚುಚ್ಚುತ್ತದೆ ಎಂದರು. ಬಿಚ್ಚಿ ನೋಡಿದರೆ ಒಳಗೆ ನನ್ನ ಕತ್ತರಿ. ಅದನ್ನು ನಾನು ವಾರದಿಂದ ಶೆಡ್ಡೆಲ್ಲ ಹುಡುಕಿ, ಪಕ್ಕದ ಶೆಡ್ಡಿನವರ ಮೇಲೆ ಅನುಮಾನಪಟ್ಟು ಜಗಳವನ್ನೂ ಆಡಿದ್ದೆ. ಡಾಕ್ಟರು ಕತ್ತರಿಯನ್ನು ಕೈಗೆ ಕೊಟ್ಟು, "ನಾನು ಹೊಟ್ಟೆ ಹೊಲಿಯುವಾಗಲೂ ಒಳಗೆ ಇಷ್ಟು ದೊಡ್ಡದನ್ನು ಬಿಡುವುದಿಲ್ಲಪ್ಪ" ಎಂದು ತಮಿಳಿನಲ್ಲಿ ಹೇಳಿ ಹೋದರು. ಅವತ್ತಿನಿಂದ ಹೊಲಿಗೆ ಮುಚ್ಚುವ ಮೊದಲು ಸಾಮಾನು ಎಣಿಸುವುದು ನಮ್ಮ ಶೆಡ್ಡಿನ ನಿಯಮವಾಯಿತು. ಈಗಲೂ ಎಣಿಸಿ. ನಾಚಿಕೆ ಇಲ್ಲ.

ಆಮೇಲೆ ಎಂಬತ್ತರ ದಶಕ ಬಂತು. ನಾರು ಹೋಗಿ ಫೋಮ್ ಬಂತು. ಮೊಳೆ ಹೋಗಿ ಡಬ್ಬದಲ್ಲಿ ಅಂಟು ಬಂತು, ಅದನ್ನು ಎಲ್ಲರೂ ಸೊಲ್ಯೂಷನ್ ಎನ್ನುತ್ತಿದ್ದರು. ಉತ್ತರದ ಕಡೆಯಿಂದ ಹೊಸ ಚಿಕ್ಕ ಕಾರು ಬಂತು. ಅದನ್ನು ನೋಡಿದವರಿಗೆಲ್ಲ ತಮ್ಮ ಮನೆಯ ಹಳೆಯ ಕಾರು ಎಮ್ಮೆಯ ಹಾಗೆ ಕಾಣತೊಡಗಿತು. ಪೆಟ್ರೋಲು ಕುಡಿಯುವ ಹಳೆಯ ವಿಲಾಯಿತಿ ಕಾರುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಇಳಿಸುವುದು ಆಗ ದೊಡ್ಡ ಕಸುಬು. ಹೃದಯ ಬದಲಾದ ಆ ಕಾರುಗಳು ಗಡಗಡ ಸದ್ದು ಮಾಡುತ್ತಾ ಮೂಟೆ ಹೊತ್ತು ತಿರುಗುತ್ತಿದ್ದವು. ಹಾಗೂ ಆಗದವು ನಮ್ಮೂರಿನ ಉಕ್ಕಡಂ ಕಡೆಯ ಗುಜರಿಗೆ ಹೋಗುತ್ತಿದ್ದವು. ಒಳ್ಳೊಳ್ಳೆಯ ಕಾರಿನ ಬಾಗಿಲುಗಳನ್ನು ಅಲ್ಲಿ ಗೋಡೆಗೆ ಒರಗಿಸಿ ಇಟ್ಟದ್ದನ್ನು ನಾನೇ ನೋಡಿದ್ದೇನೆ.

ಆ ಕಾಲದಲ್ಲಿ ನಮ್ಮ ಶೆಡ್ಡಿಗೆ ಬಂದವರು ಕೆಂಪಣ್ಣ ಗೌಡರು. ಕಾರಮಡೆಯ ಹತ್ತಿರ ತೋಟ, ಮೆಟ್ಟುಪಾಳ್ಯದಲ್ಲಿ ಆಲೂಗಡ್ಡೆ ಮಂಡಿ. ಅವರ ಮನೆಯಲ್ಲೂ ನಮ್ಮ ಹಾಗೆ ಕನ್ನಡ. ಅವರ ಕಾರು, ನೀಲಗಿರಿಯ ಮೇಲೆ ಟೀ ತೋಟ ಇಟ್ಟುಕೊಂಡಿದ್ದ ಒಬ್ಬ ಬಿಳಿ ದೊರೆ ತನ್ನ ಊರಿಗೆ ಹಿಂತಿರುಗುವಾಗ ಗೌಡರ ಅಪ್ಪನಿಗೆ ಕೊಟ್ಟು ಹೋದದ್ದು. ಕಡು ಹಸಿರು ಬಣ್ಣ, ನಾಲ್ಕು ಬಾಗಿಲು, ಕುದುರೆಯ ಮೂತಿಯಂಥ ಉದ್ದ ಮೂತಿ. ಗೌಡರು ಅದನ್ನು ಮೂವತ್ತು ವರ್ಷದಿಂದ ಬೇರೆ ಯಾರ ಕೈಗೂ ಓಡಿಸಲು ಕೊಟ್ಟಿರಲಿಲ್ಲ. ಸವೆದು ಬದಲಾಯಿಸಿದ ಒಂದು ಬಲ್ಬು, ಒಂದು ರಬ್ಬರು ಕೂಡ ಎಸೆದಿರಲಿಲ್ಲ. ಎಲ್ಲವೂ ಒಂದು ಟ್ರಂಕಿನಲ್ಲಿ, ಚೀಟಿ ಕಟ್ಟಿಕೊಂಡು, ಮಲಗಿದ್ದವು.

ಈ ಮನುಷ್ಯನಿಗೆ ತಲೆ ಕೆಟ್ಟಿದೆಯೇ ಎಂದು ನನಗೂ ಅನಿಸಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಗೌಡ್ರೇ, ಇದನ್ನ ಮಾರಿಬಿಟ್ಟು ಹೊಸ ವಂಡಿ ತಗೊಳ್ಳಬಾರ್ದಾ?"

ಅವರಿಗೆ ಕೋಪ ಬರಲಿಲ್ಲ. "ತಂಬೀ, ವಂಡಿ ಹೊಸ್ದಾಗಿದ್ರೆ ಎಲ್ಲಾರೂ ನೋಡ್ತಾರೆ. ಹಳೇದಾದ್ರೆ ಒಬ್ರೂ ನೋಡಲ್ಲ. ಇನ್ನೂ ಒಸಿ ಹಳೇದಾಗ್ಲಿ, ಮತ್ತೆ ಎಲ್ಲಾರೂ ಬಂದು ನೋಡ್ತಾರೆ. ನಡುವೆ ಇರೋ ವರ್ಷಾನ ದಾಟಿಸಿಬಿಡಬೇಕು, ಅಷ್ಟೇ. ಆ ನಡುವೇಲೆ ತಾನೇ ಎಲ್ಲಾರೂ ಕೈ ಬಿಡೋದು."

ಗೌಡರ ಕಾರು ಆಗ ಸರಿಯಾಗಿ ಆ ನಡುವಿನ ಕಾಲದಲ್ಲಿತ್ತು. ಮನೆಯಲ್ಲಿ ಅವರ ತಮ್ಮ ರಂಗಣ್ಣ ಅದನ್ನು ಕಂಡರೆ ಉರಿದುಬೀಳುತ್ತಿದ್ದರು. ಮಂಡಿಯ ಓಡಾಟವೆಲ್ಲ ರಂಗಣ್ಣನ ಮೇಲೆ, ಬಸ್ಸಿಗೆ ಕಾಯುವುದೂ ಅವರೇ. ಅವರು ಎಲ್ಲಿಂದಲೋ ಒಂದು ಹಳೆಯ ಡೀಸೆಲ್ ಎಂಜಿನ್ ತಂದು, ಮನೆಯ ಕಾರು ಶೆಡ್ಡಿನಲ್ಲಿ, ಕಾರಿನ ಪಕ್ಕದಲ್ಲೇ ಹಲಗೆಯ ಮೇಲೆ ಇಳಿಸಿಬಿಟ್ಟಿದ್ದರು. ಗೌಡರು ಬೆಳಿಗ್ಗೆ ಕಾರು ಒರೆಸಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳಬೇಕು.

ಅಷ್ಟರಲ್ಲಿ ಪೀಳಮೇಡಿನ ಒಂದು ಕಾಲೇಜು ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯುತ್ತದೆ ಎಂಬ ಸುದ್ದಿ ಬಂತು. ಎರಡೂವರೆ ತಿಂಗಳ ಸಮಯವಿತ್ತು. ಹೊರಗೆ ಮಾತ್ರವಲ್ಲ, ಒಳಗೂ ಕಾರು ಮೊದಲಿನಂತೆಯೇ ಇರಬೇಕು, ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ ಎಂದಿದ್ದರು. ಅಣ್ಣ ತಮ್ಮಂದಿರ ನಡುವೆ ಒಪ್ಪಂದವಾಯಿತು. ಅಲ್ಲಿ ಸೇರಿಸಿಕೊಂಡರೆ ಕಾರು ಹೇಗಿದೆಯೋ ಹಾಗೆ ಮನೆಯ ಶೆಡ್ಡಿನಲ್ಲಿ ಇರುವುದು, ರಂಗಣ್ಣ ಇನ್ನು ಮುಂದೆ ಬಾಯಿ ಬಿಡುವಂತಿಲ್ಲ. ಸೇರಿಸಿಕೊಳ್ಳದಿದ್ದರೆ ಮಾರನೇ ದಿನವೇ ಎಂಜಿನ್ ಬದಲು, ಹಿಂದಿನ ಸೀಟು ಕಿತ್ತು ಆಲೂಗಡ್ಡೆ ಮೂಟೆ. ಗೌಡರು ನನಗೆ ಇದನ್ನೆಲ್ಲ ಹೇಳಿಯೇ ಕಾರು ಬಿಟ್ಟು ಹೋದರು. ಆದದ್ದಕ್ಕೆ ನನಗೆ ಗೊತ್ತಿರಲಿಲ್ಲ ಎಂಬ ನೆಪ ಕೂಡ ಇಲ್ಲ.

ಅವರು ಹೇಳಿದ ಕೆಲಸ ಇಷ್ಟೇ. ಕಾರಿನ ಒಳಗೆ ತಲೆಯ ಮೇಲೆ ಬಿಗಿದಿರುವ ಬಟ್ಟೆ ಇರುತ್ತದಲ್ಲ, ನಮ್ಮ ಭಾಷೆಯಲ್ಲಿ ಟಾಪ್ ಬಟ್ಟೆ, ಅದು ಹಿಂದಿನ ಗಾಜಿನ ಹತ್ತಿರ ಒಂದು ಗೇಣು ಬಿಟ್ಟುಕೊಂಡಿತ್ತು. ಅದನ್ನು ಕೈಹೊಲಿಗೆಯಲ್ಲಿ ಸೇರಿಸಬೇಕು. ಗೋಧಿ ಬಣ್ಣದ ಬಟ್ಟೆ, ಹೊಗೆ ಹಿಡಿದು ಮಾಸಿತ್ತು. ಮೇಸ್ತ್ರಿ ಸಂಬಂಧಿಕರ ಮದುವೆಗೆಂದು ಊರಿಗೆ ಹೋಗಿದ್ದರು. ಶೆಡ್ಡಿಗೆ ನಾನೇ ಹಿರಿಯ. ಮೂವತ್ತೆರಡು ವಯಸ್ಸು, ಕೈ ಓಡುತ್ತದೆ ಎಂಬ ಸೊಕ್ಕು.

ಪ್ರದರ್ಶನಕ್ಕೆ ಹೋಗುವ ಕಾರು, ಇಷ್ಟು ಮಾಸಿದ ಬಟ್ಟೆಯಲ್ಲಿ ಹೋಗುವುದೇ ಎಂದು ನನಗನಿಸಿತು. ಗೌಡರಿಗೆ ಒಂದು ಸಂತೋಷ ಕೊಡೋಣ ಎನಿಸಿತು. ಹಳೆಯ ಬಟ್ಟೆಯನ್ನು ಪರಪರ ಎಂದು ಕಿತ್ತು, ಕುಂಕುಮ ಬಣ್ಣದ ರೆಕ್ಸಿನ್ ತಂದು, ವಜ್ರದ ಆಕಾರದಲ್ಲಿ ಹೊಲಿಗೆ ಹಾಕಿ, ಪ್ರತಿ ಮೂಲೆಗೆ ಒಂದು ಹೊಳೆಯುವ ಬಟನ್ ಕೂರಿಸಿದೆ. ಆ ಕಾಲದ ಮದುವೆ ಬಾಡಿಗೆ ಕಾರುಗಳಲ್ಲಿ ಅದೇ ಷೋಕಿ. ಮೂರು ದಿನ ಕಷ್ಟಪಟ್ಟೆ. ಬೀದಿಯವರೆಲ್ಲ ತಲೆ ಒಳಗಿಟ್ಟು ನೋಡಿ ಭೇಷ್ ಎಂದರು.

ಗೌಡರು ಬಂದರು. ಬಾಗಿಲು ತೆಗೆದು ಮೇಲೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕಾರಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ತಂಬೀ, ಹಳೇ ಬಟ್ಟೆ ಎಲ್ಲಿ?"

ಆ ಬಟ್ಟೆಯನ್ನು ನಾನು ಕೈ ಒರೆಸುವ ಬನಿಯನ್ ವೇಸ್ಟಿನ ಜೊತೆ ಸೇರಿಸಿದ್ದೆ. ತಿರುಪ್ಪೂರಿನ ಬನಿಯನ್ ಕಂಪನಿಗಳಿಂದ ಚೂರು ಬಟ್ಟೆ ಮೂಟೆಗಟ್ಟಲೆ ಬರುತ್ತದೆ, ಎಲ್ಲಾ ಶೆಡ್ಡಿನವರೂ ಗ್ರೀಸು ಒರೆಸುವುದು ಅದರಲ್ಲೇ. ಅಕ್ಕಪಕ್ಕದ ಮೆಕ್ಯಾನಿಕ್ಕುಗಳು ಅದನ್ನು ಹರಿದು ಹಂಚಿಕೊಂಡು, ಒರೆಸಿ, ಸುಟ್ಟೂ ಆಗಿತ್ತು.

"ಹರಿದಿದ್ರೂ ಅದು ಅದೇ ಆಗಿತ್ತು ತಂಬೀ" ಎಂದರು ಗೌಡರು. "ಹರುಕಿಗೆ ಯಾರೂ ಬೇಡ ಅಂತಿರಲಿಲ್ಲ. ಇದಕ್ಕೆ ಅಂತಾರೆ."

ಅವರ ಜೊತೆ ಬಂದಿದ್ದ ರಂಗಣ್ಣ ಮಾತ್ರ ರೆಕ್ಸಿನ್ ಮುಟ್ಟಿ ಮುಟ್ಟಿ ಖುಷಿಪಡುತ್ತಿದ್ದರು. "ನಲ್ಲಾ ಮಾಡಿದ್ದೀಯಪ್ಪ. ತೊಳೆಯೋಕೂ ಸುಲಭ. ಮಣ್ಣು ಗಿಣ್ಣು ಹಿಡಿಯಲ್ಲ" ಎಂದರು. ಆ ಹೊಗಳಿಕೆ ಕೇಳಿ ನನಗೆ ನೆಲದೊಳಗೆ ಇಳಿದುಹೋಗಬೇಕು ಎನಿಸಿತು. ಅಂಥ ನಾಚಿಕೆ ಮತ್ತೆ ಯಾವತ್ತೂ ಆಗಿಲ್ಲ.

ಮದುವೆಯಿಂದ ಬಂದ ಮೇಸ್ತ್ರಿ ಎಲ್ಲ ಕೇಳಿ, ಬಾಯಿಂದ ಮೊಳೆಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅವರು ಮೊಳೆ ತೆಗೆದು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಡಿಸಿದವನೇ ಸರಿಮಾಡು, ಅಲ್ಲಿಯವರೆಗೆ ಬೇರೆ ಕೆಲಸ ಮುಟ್ಟಬೇಡ ಎಂದರು ತಮಿಳಿನಲ್ಲಿ. ಇನ್ನು ಮೇಲೆ ಯಾವ ಗಾಡಿಯಿಂದ ಏನು ಬಿಚ್ಚಿದರೂ ಅದರ ಯಜಮಾನ ಬಂದು ನೋಡುವವರೆಗೆ ಚೀಟಿ ಕಟ್ಟಿ ಗೋಡೆಗೆ ನೇತುಹಾಕಬೇಕು ಎಂದೂ ಹೇಳಿದರು. ನಾನು ಸ್ವಂತ ಶೆಡ್ಡು ಹಾಕಿದ ಮೇಲೂ ಆ ಗೋಡೆ ಇಟ್ಟುಕೊಂಡಿದ್ದೆ.

ರೆಕ್ಸಿನ್ ಕಿತ್ತೆ. ಹಿಂದಿನ ಗಾಜಿನ ಮೇಲಿನ ಮರದ ಪಟ್ಟಿಯನ್ನು ಮೊದಲ ಸಲ ನಾನು ತೆಗೆದಿರಲಿಲ್ಲ, ಬಟ್ಟೆಯನ್ನು ಅದರ ಅಂಚಿಗೆ ಕತ್ತರಿಸಿಬಿಟ್ಟಿದ್ದೆ. ಈಗ ತೆಗೆದರೆ ಅದರಡಿ ನಾಲ್ಕು ಬೆರಳಗಲದ ಹಳೆಯ ಬಟ್ಟೆ, ಉದ್ದಕ್ಕೂ, ಹಾಗೇ ಕೂತಿತ್ತು. ಬಿಸಿಲು ಹೊಗೆ ತಾಗದೆ ಅದರ ಬಣ್ಣ ಮೊನ್ನೆ ನೇಯ್ದ ಹಾಗಿತ್ತು. ನಾನು ಅದನ್ನು ಕಣ್ಣಿಗೊತ್ತಿಕೊಂಡೆ. ಸುಳ್ಳಲ್ಲ.

ಅದನ್ನು ಹಿಡಿದು ಊರಿನ ಬಟ್ಟೆ ಅಂಗಡಿಗಳನ್ನೆಲ್ಲ ಸುತ್ತಿದೆ. ಪ್ಯಾಂಟಿನ ಬಟ್ಟೆ ತೋರಿಸಿದರು, ಪರದೆಯ ಬಟ್ಟೆ ತೋರಿಸಿದರು. ಒಂದೂ ಅದರ ಹತ್ತಿರಕ್ಕೆ ಬರಲಿಲ್ಲ. ಇಷ್ಟು ದೊಡ್ಡ ಬಟ್ಟೆಯ ಊರಿನಲ್ಲಿ ಮೂರು ಗಜ ಬಟ್ಟೆ ಸಿಗದೆ ಮನೆಗೆ ಬಂದು ಕೂತಾಗ ಅಪ್ಪ ಮಗ್ಗದೊಳಗಿಂದ ಕೈ ಚಾಚಿದರು. "ಏನದು, ಕೊಡು ಇಲ್ಲಿ."

ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಎಳೆ ಎಣಿಸುವ ಭೂತಗನ್ನಡಿ ತಂದು ಎಣಿಸಿದರು, ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿದರು.

"ಕೂದ್ಲು ಸುಟ್ಟ ವಾಸ್ನೆ. ಉಣ್ಣೆ ಇದು. ಉಣ್ಣೆ ನೂಲು ಇಷ್ಟು ಸಣ್ಣದು ನಮ್ಗೆ ಸಿಕ್ಕಲ್ಲ. ಹತ್ತೀಲಿ ಆಗ್ತದೆ, ಎರಡೆಳೆ ಹುರಿ ಮಾಡಿದ್ರೆ" ಎಂದರು. ಮುಖ ನೋಡದೆ, "ಕುಂಡಿಗಾ ಇದು?" ಎಂದು ಕೇಳಿದರು.

"ಇಲ್ಲಪ್ಪ. ತಲೆ ಮೇಲಕ್ಕೆ."

"ಸೆರಿ, ಹಂಗಾದ್ರೆ ನೇಯಲಾಂ."

ಅರ್ಧ ನೇಯ್ದಿದ್ದ ಸೀರೆಯನ್ನು ಬೇಗ ಮುಗಿಸಿ ಅಪ್ಪ ಮಗ್ಗ ಖಾಲಿ ಮಾಡಿದರು. ಬಣ್ಣಕ್ಕೆ ನೀಲಗಿರಿ ಟೀ ಪುಡಿಯ ಕಷಾಯ, ಅದಕ್ಕೆ ಅಳಲೆಕಾಯಿ. ಅಮ್ಮ ಪಾತ್ರೆ ಹಾಳಾಯಿತೆಂದು ಗೊಣಗುತ್ತಲೇ ಒಲೆ ಊದಿದಳು. ನಾಲ್ಕು ಸಲ ನೂಲು ಅದ್ದಿ ಒಣಗಿಸಿದ ಮೇಲೆ ಬಣ್ಣ ಕೂಡಿತು. ಟಾಪ್ ಬಟ್ಟೆ ಒಂದೇ ತುಂಡಲ್ಲ, ಅಡ್ಡಡ್ಡ ಪಟ್ಟಿಗಳನ್ನು ಜೋಡಿಸಿ ಹೊಲಿಯುವುದು, ಹಾಗಾಗಿ ಸೀರೆಯ ಮಗ್ಗದ ಅಗಲ ಸಾಕಾಯಿತು. ಪಟ್ಟಿ ಪಟ್ಟಿ ಸೇರುವಲ್ಲಿ ಬೆನ್ನಿಗೆ ಕೊಳವೆಯ ಹಾಗೆ ಮಡಚಿ ಹೊಲಿದು, ಅದರೊಳಗೆ ಬಾಗಿದ ಉಕ್ಕಿನ ಕಂಬಿ ತೂರಿಸಿ ಚಾವಣಿಗೆ ಸಿಕ್ಕಿಸಬೇಕು. ಐದು ಕಂಬಿ, ಐದರ ಬಾಗೂ ಬೇರೆ ಬೇರೆ. ನಾನು ಮೊದಲ ಸಲ ಬಿಚ್ಚುವಾಗ ಅವನ್ನು ಕಲೆಸಿಬಿಟ್ಟಿದ್ದೆ. ಯಾವುದು ಎಲ್ಲಿಯದೆಂದು ಕಂಡುಹಿಡಿಯಲು ಪೂರ್ತಿ ಎರಡು ದಿನ ಹೋಯಿತು. ಕಂಬಿ ಬಿಚ್ಚಿದ ತಕ್ಷಣ ಸೀಮೆಸುಣ್ಣದಲ್ಲಿ ನಂಬರು ಹಾಕಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಒಂದೂಕಾಲು ತಿಂಗಳಲ್ಲಿ ಬಟ್ಟೆ ಕಾರಿಗೇರಿತು. ತಮಟೆಯ ಚರ್ಮದಂತೆ ಬಿಗಿಯಾಗಿ ನಿಂತಿತು. ಬೆರಳಿಂದ ತಟ್ಟಿದರೆ ಟಪ್ ಎನ್ನುತ್ತಿತ್ತು. ಗೌಡರು ಬಂದು ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟರು. ಕಾರು ಕಾರಮಡೆಗೆ ಹೋಯಿತು.

ಹನ್ನೆರಡು ದಿನದ ಮೇಲೆ ರಂಗಣ್ಣ ಶೆಡ್ಡಿಗೆ ಬಂದರು, ನಗು ತಡೆಯಲಾರದೆ. "ಏಯ್ ಲಿಂಗು, ನಿಮ್ಮಪ್ಪ ನೇಯ್ದ ಬಟ್ಟೆ ನಮ್ಮಣ್ಣನ ತಲೆ ಮೇಲೆ ಕೂತ್ಕೊಂಡಿದೆ. ಬಂದು ಎತ್ತು" ಎಂದರು.

ಅಪ್ಪ ಕೇಳಿ ಕೆಂಡವಾದರು. "ನಾನ್ ನೇಯ್ದಿದ್ದು ಜೋಲಲ್ಲ. ನಿನ್ ಹೊಲಿಗೇನೇ ಬಿಟ್ಕೊಂಡಿರ್ತದೆ" ಎಂದು ಬೈಯುತ್ತಲೇ ನನ್ನ ಜೊತೆ ಬಸ್ಸು ಹತ್ತಿದರು. ಮೂರು ದಿನ ಆ ಕಡೆ ಜಿಟಿಜಿಟಿ ಮಳೆ ಹಿಡಿದಿತ್ತು. ಕಾರಿನ ಬಾಗಿಲು ತೆಗೆದರೆ ಮೊದಲು ಹುಳಿ ವಾಸನೆ. ಬಟ್ಟೆ ತೊಟ್ಟಿಲಿನ ಹಾಗೆ ಇಳಿಬಿದ್ದಿತ್ತು. ಅದರ ಮೇಲೆ ಸಾಲಾಗಿ ಇರುವೆ. ಒಂದು ಮೂಲೆಯಲ್ಲಿ ಇಲಿ ಕಚ್ಚಿ ತೂತು ಮಾಡಿತ್ತು.

ನನಗೆ ಏನೂ ಅರ್ಥವಾಗಲಿಲ್ಲ. ಅಪ್ಪ ಆ ಬಟ್ಟೆಯ ಒಂದು ತುದಿಯನ್ನು ಎಳೆದು ನಾಲಿಗೆಗೆ ಮುಟ್ಟಿಸಿದರು. "ಗಂಜಿ" ಎಂದರು.

ನೇಯುವಾಗ ಎಳೆ ಕಡಿಯದಿರಲಿ ಎಂದು ನೂಲಿಗೆ ಗಂಜಿ ಹಾಕುವುದು ನಮ್ಮ ಮನೆಯಲ್ಲಿ ಉಸಿರಾಡುವಷ್ಟು ಸಹಜ. ಸೀರೆಯನ್ನು ಆ ಗಂಜಿಯ ಬಿಗುವಿನಲ್ಲೇ ಮಾರುತ್ತೇವೆ, ಕೊಂಡವರಿಗೆ ಅದೇ ಚಂದ. ಮನೆಯಲ್ಲಿ ಮೊದಲ ಸಲ ಒಗೆದಾಗ ಅದು ಹೋಗುತ್ತದೆ. ಕಾರಿನ ಚಾವಣಿಯನ್ನು ಯಾರು ಒಗೆಯುತ್ತಾರೆ? ಮಳೆಯ ತೇವಕ್ಕೆ ಗಂಜಿ ಸಡಿಲಿ ಬಟ್ಟೆ ಜೋತುಬಿದ್ದಿತ್ತು, ಅದರ ಆಸೆಗೆ ಇರುವೆ ಇಲಿ ಬಂದಿದ್ದವು. ಇದು ನನಗಾಗಲಿ ಅಪ್ಪನಿಗಾಗಲಿ ಹೊಳೆದೇ ಇರಲಿಲ್ಲ. ಬೇರೆ ಯಾವ ಕುಶನ್ ಕೆಲಸದವನೂ ಈ ತಪ್ಪು ಮಾಡಲಾರ. ಇದನ್ನು ಮಾಡಲು ನೇಕಾರರ ಮನೆಯಲ್ಲೇ ಹುಟ್ಟಬೇಕು.

ಅಪ್ಪ ಗೌಡರ ಎದುರು ಹೋಗಿ ನಿಂತು, "ಗೌಡ್ರೇ, ಇದು ಹುಡುಗನ ತಪ್ಪಲ್ಲ. ತಪ್ಪು ನಂದು. ಇನ್ನೊಂದ್ಸಲ ನೇಯ್ದು ಕೊಡ್ತೀನಿ" ಎಂದರು. ನನ್ನ ಅಪ್ಪ ಯಾರ ಎದುರೂ ತಪ್ಪು ಒಪ್ಪಿಕೊಂಡವರಲ್ಲ. ನನಗಾಗಿ ಅವರು ಹಾಗೆ ನಿಂತಾಗ ನಾನೂ ಹೋಗಿ ಪಕ್ಕದಲ್ಲಿ ನಿಂತೆ.

ಗೌಡರು ಹಲಗೆಯ ಮೇಲಿದ್ದ ಎಂಜಿನ್ ಕಡೆ ಒಮ್ಮೆ ನೋಡಿದರು. "ಇನ್ನ ಇಪ್ಪತ್ತೆರಡು ದಿವ್ಸ ಇದೆ. ಮೂವತ್ತು ವರ್ಷ ಕಾದಿದ್ದೀನಿ, ಇಪ್ಪತ್ತೆರಡು ದಿವ್ಸ ಕಾಯಲ್ವಾ" ಎಂದರು.

ಅಪ್ಪ ಆ ಇಪ್ಪತ್ತೆರಡು ದಿನ ದುಡಿದಷ್ಟು ಮತ್ತೆ ದುಡಿದದ್ದನ್ನು ನಾನು ನೋಡಿಲ್ಲ. ಶೆಡ್ಡಿಗೆ ಹೋಗುವ ಬದಲು ನಾನೂ ಮನೆಯಲ್ಲೇ ಕೂತು ನೂಲು ಸುತ್ತಿದೆ. ಹನ್ನೆರಡು ವರ್ಷದ ಮೇಲೆ ಕೈ ಮರೆತಿರಬಹುದು ಎಂದುಕೊಂಡಿದ್ದೆ, ಮರೆತಿರಲಿಲ್ಲ. ಈ ಸಲವೂ ಗಂಜಿ ಹಾಕಿಯೇ ನೇಯ್ದರು, ಇಲ್ಲದಿದ್ದರೆ ಎಳೆ ನಿಲ್ಲುವುದಿಲ್ಲ. ಆದರೆ ಮಗ್ಗದಿಂದ ಇಳಿದ ಬಟ್ಟೆಯನ್ನು ಮೂರು ಸಲ ನೆನೆಸಿ, ಕಲ್ಲಿಗೆ ಒಗೆದು, ಹಿಂಡಿ, ಕೊನೆಗೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿ ಒಣಗಿಸಿದೆವು. ಅಪ್ಪ ಪ್ರತಿ ಸಲವೂ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಬೇವಿನ ನೀರಾದ ಮೇಲೂ ಮುಟ್ಟಿಸಿ ಮುಖ ಕಿವುಚಿದರು. ಅಮ್ಮ ನಕ್ಕು ನಕ್ಕು ಸುಸ್ತಾದಳು.

ಒಗೆದ ಬಟ್ಟೆ ಕುಗ್ಗಿತು. ನಾವು ಅದಕ್ಕೆಂದು ಹೆಚ್ಚು ನೇಯ್ದಿದ್ದರೂ, ಗೌಡರು ಮತ್ತೆ ಶೆಡ್ಡಿಗೆ ತಂದು ಬಿಟ್ಟ ಕಾರಿಗೆ ಹಿಡಿದು ನೋಡಿದಾಗ ಹಿಂದಿನ ಗಾಜಿನ ಹತ್ತಿರ ಮೂರು ಬೆರಳು ಸಾಲದು. ಇನ್ನೊಮ್ಮೆ ನೇಯಲು ದಿನವಿಲ್ಲ, ಎರಡೇ ದಿನ ಉಳಿದದ್ದು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಮೇಸ್ತ್ರಿ ಬಂದು ನೋಡಿ, ಮಾದರಿಗೆಂದು ಗೋಡೆಗೆ ನೇತುಹಾಕಿದ್ದ ಹಳೆಯ ತುಂಡನ್ನು ತಂದು ನನ್ನ ಮಡಿಲಿಗೆ ಹಾಕಿದರು. ಅದು ಅಲ್ಲಿಂದಲೇ ಬಂದದ್ದು, ಅಲ್ಲೇ ಹಾಕು ಎಂದರು. ಹೊಸ ಬಟ್ಟೆಯ ಕೊನೆಗೆ ಆ ಉಣ್ಣೆಯ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಸೇರಿಸಿದೆ. ಈ ಸಲ ಅದು ಮರದ ಪಟ್ಟಿಯಿಂದ ಹೊರಗೆ, ಕಾಣುವ ಹಾಗೆ ಕೂತಿತು.

ಪ್ರದರ್ಶನದ ದಿನ ಬೆಳಿಗ್ಗೆ ನಾವು ನಾಲ್ಕು ಜನ ಹೋದೆವು. ಗೌಡರು ಓಡಿಸಿದರು, ಪಕ್ಕದಲ್ಲಿ ರಂಗಣ್ಣ, ಹಿಂದೆ ಅಪ್ಪ ಮತ್ತು ನಾನು. ಅಪ್ಪ ಕಾರಿನಲ್ಲಿ ಕೂತದ್ದು ಅದೇ ಮೊದಲು. ದಾರಿಯಿಡೀ ಕಿಟಕಿಯ ಹೊರಗೆ ನೋಡಲಿಲ್ಲ, ಮೇಲೆಯೇ ನೋಡುತ್ತಿದ್ದರು.

ಪರೀಕ್ಷೆಗೆ ಬಂದವರು ಬಿಳಿ ಕೂದಲಿನ ಒಬ್ಬ ನಿವೃತ್ತ ಎಂಜಿನಿಯರಿಂಗ್ ಮೇಷ್ಟ್ರು. ಎಂಜಿನ್ ನೋಡಿದರು, ಚಕ್ರ ನೋಡಿದರು, ಹಾರ್ನು ಒತ್ತಿ ಕೇಳಿದರು. ಗೌಡರ ಟ್ರಂಕು ತೆಗೆಸಿ ಚೀಟಿಗಳನ್ನು ಓದಿ ಓದಿ ತಲೆಯಾಡಿಸಿದರು. ನಾವು ನಮ್ಮೊಳಗೆ ಮಾತಾಡುವುದು ಕಿವಿಗೆ ಬಿದ್ದು, "ಓ, ಕನ್ನಡದವರೇ! ನಾನು ಹಾಸನದ ಕಡೆಯವನು. ನಿಮ್ಮ ಕನ್ನಡ ಯಾವ ಕಡೆಯದು?" ಎಂದು ನಕ್ಕರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿದರು. ನಗು ನಿಂತಿತು. ಕೈಯೆತ್ತಿ ಬಟ್ಟೆ ಮುಟ್ಟಿದರು.

"ಇದು ಕಾರಿನ ಮೂಲ ಬಟ್ಟೆಯೇ?"

ಆಗ ರಂಗಣ್ಣ, ಡೀಸೆಲ್ ಎಂಜಿನ್ ತಂದಿಟ್ಟ ಅದೇ ರಂಗಣ್ಣ, ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದು ಮೆಲ್ಲಗೆ, "ಆಮಾ ಅನ್ನು, ಆಮಾ ಅನ್ನು" ಎಂದರು. ನಾನು ಗೌಡರ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಹೌದು ಎಂದರೆ ಕಾರು ಉಳಿಯಬಹುದು. ಆದರೆ ಮೂವತ್ತು ವರ್ಷ ಒಂದು ರಬ್ಬರನ್ನೂ ಸುಳ್ಳು ಮಾಡದೆ ಇಟ್ಟವರ ಕಾರಿನ ಪಕ್ಕ ನಿಂತು ನನಗೆ ಆ ಮಾತು ಬರಲಿಲ್ಲ.

"ಇಲ್ಲ ಸಾರ್" ಎಂದೆ. "ಮೂಲದ್ದನ್ನ ನಾನೇ ಹಾಳು ಮಾಡ್ದೆ. ಗೌಡ್ರು ಹೊಲಿ ಅಂತ ಕೊಟ್ರು, ನಾನು ಕಿತ್ತುಬಿಟ್ಟೆ. ಇದು ನಮ್ಮಪ್ಪ ಮಗ್ಗದಲ್ಲಿ ನೇಯ್ದಿದ್ದು. ಆ ಹಿಂದ್ಗಡೆ ನಾಲ್ಕು ಬೆರಳು ಮಾತ್ರ ಮೂಲದ್ದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಹಿಂದಿನ ಗಾಜಿನ ಹತ್ತಿರ ಬಾಗಿ, ಹಳೆಯದನ್ನೂ ಹೊಸದನ್ನೂ ಬಹಳ ಹೊತ್ತು ನೋಡಿದರು. ಅಪ್ಪನ ಕೈಯನ್ನು ಕೇಳಿ ತೆಗೆದುಕೊಂಡು ಅದರ ಬೆರಳುಗಳನ್ನೂ ನೋಡಿದರು.

"ಮೂಲ ಎಂದು ನಾನು ಬರೆಯಲಾರೆ" ಎಂದರು. ಗೌಡರ ಹೆಗಲು ಇಳಿಯಿತು. "ಮೂಲವನ್ನು ಪಕ್ಕದಲ್ಲಿಟ್ಟು ಅದರಂತೆ ನೇಯ್ದದ್ದು ಎಂದು ಬರೆಯುತ್ತೇನೆ. ಬಹಳ ಜನ ಸುಳ್ಳು ಹೇಳುತ್ತಾರೆ. ಕಾರನ್ನು ಸಾಲಿಗೆ ತನ್ನಿ."

ಗೌಡರು ನನ್ನನ್ನು ಅಪ್ಪಿಕೊಂಡರು. ಅಪ್ಪ, "ಏನಂದ್ರು? ಸೇರಿಸ್ಕೊಂಡ್ರಾ?" ಎಂದು ಎರಡು ಸಲ ಕೇಳಿದರು. ಅವರಿಗೆ ಮೇಷ್ಟ್ರ ಅಚ್ಚ ಕನ್ನಡ ಅಷ್ಟಾಗಿ ಹಿಡಿದಿರಲಿಲ್ಲ.

ಅಂದು ಬಹುಮಾನವೇನೂ ಬರಲಿಲ್ಲ. ಆದರೆ ಸಾಲಿನಲ್ಲಿ ನಿಂತ ಕಾರಿನ ಸುತ್ತ ಜನ ಕೂಡಿದರು. ಕಾಲೇಜಿನ ಹುಡುಗಿಯರು, ಮಿಲ್ಲಿನ ಯಜಮಾನರು, ಮಕ್ಕಳನ್ನು ಹೆಗಲ ಮೇಲೆ ಹೊತ್ತವರು. ಗೌಡರು ಹೇಳಿದ್ದ ಆ ನಡುವಿನ ಕಾಲ ನನ್ನ ಕಣ್ಣೆದುರಿಗೇ ಮುಗಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ರಂಗಣ್ಣ ಕಾರಿನ ಮುಂದೆ ಎರಡೂ ಕೈ ಅಗಲಿಸಿ ನಿಂತು, "ಕೈ ವೈಕ್ಕಾದೀಂಗ, ಕೈ ವೈಕ್ಕಾದೀಂಗ, ದೂರ ನಿಂತು ಪಾರುಂಗ" ಎಂದು, ಯಾರೂ ಕಾರು ಮುಟ್ಟದಂತೆ, ಕೂಗುತ್ತಿದ್ದಾರೆ. ಕೇಳಿದವರಿಗೆಲ್ಲ ಕಾರಿನ ಕತೆ ಹೇಳುತ್ತಿದ್ದಾರೆ. "ಎಷ್ಟೋ ಜನ ಕೇಳಿದ್ರು, ನಾವು ಕೊಡಲಿಲ್ಲ" ಎಂಬಲ್ಲಿ ಅವರ ದನಿ ಏರುತ್ತಿತ್ತು. ನಾನು ಮೇಸ್ತ್ರಿಗೆ ಹೇಳಬೇಕೆಂದು ಆ ಮಾತನ್ನು ನೆನಪಿಟ್ಟುಕೊಂಡೆ.

ಸಂಜೆ ಹೊರಡುವಾಗ ರಂಗಣ್ಣ ಅಣ್ಣನ ಮುಂದೆ ತಲೆ ಕೆರೆದುಕೊಳ್ಳುತ್ತಾ ನಿಂತರು. "ಅಣ್ಣಾ, ಕಾರಮಡೆ ಗಂಟ ನಾನು ಓಡಿಸ್ಲಾ?"

ಗೌಡರು ಬೀಗದ ಕೈ ಕೊಟ್ಟರು. ನೀವೂ ಮನೆಗೆ ಬಂದು ಊಟ ಮಾಡಿಕೊಂಡು ಹೋಗಿ ಎಂದು ನನ್ನನ್ನು ಮುಂದೆ ಕೂರಿಸಿ, ತಾವು ಹಿಂದೆ ಅಪ್ಪನ ಪಕ್ಕ ಕೂತರು. ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಅವರು ಕೂತದ್ದು ಅವತ್ತೇ ಮೊದಲಂತೆ. ಇಬ್ಬರೂ ತಲೆ ಹಿಂದಕ್ಕೆ ಒರಗಿಸಿ ಮೇಲೆ ನೋಡುತ್ತಾ, ಎಳೆ ಎಷ್ಟು, ಬಣ್ಣ ಹೇಗೆ ಬಂತು ಎಂದು ಮಾತಾಡುತ್ತಿದ್ದರು. ರಂಗಣ್ಣ ಒಂದೊಂದು ಗುಂಡಿಗೂ ಬ್ರೇಕು ಹಾಕಿ, ಮೊಟ್ಟೆಯ ಬುಟ್ಟಿ ಹೊತ್ತವರ ಹಾಗೆ ನಿಧಾನವಾಗಿ ಓಡಿಸುತ್ತಿದ್ದರು. ಟೀ ಅಂಗಡಿಯ ಹತ್ತಿರ ನಿಲ್ಲಿಸಿ ಎಂದರೆ, ಯಾರಾದರೂ ಮುಟ್ಟುತ್ತಾರೆಂದು ನಿಲ್ಲಿಸಲಿಲ್ಲ.

ಊರು ದಾಟಿದ ಮೇಲೆ ಗೌಡರು ಹಿಂದಿನಿಂದ ಕೇಳಿದರು. "ರಂಗಾ, ಶೆಡ್ಡಲ್ಲಿ ಆ ಡೀಸೆಲ್ ಎಂಜಿನ್ ಇದೆಯಲ್ಲಾ, ಅದನ್ನ ಏನ್ ಮಾಡೋದು?"

ರಂಗಣ್ಣ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಯಾವ ಎಂಜಿನ್ನು?" ಎಂದರು.